ಇಳಕಲ್ ಸೀರೆಗೆ ಗಂಡಸರ ಶರ್ಟು ಯಾಕೆ?

ವಸ್ತ್ರವಿನ್ಯಾಸ ನನ್ನ ಉದ್ಯೋಗ. ಮದುವೆಮನೆಯಲ್ಲಾಗಲಿ, ಬಟ್ಟೆ ಅಂಗಡಿಯಲ್ಲಾಗಲಿ, ನನ್ನನ್ನು ಮೊದಲ ಸಲ ಕಂಡವರು ಕೇಳುವ ಪ್ರಶ್ನೆ ಒಂದೇ: “ಡಿಸೈನರ್ ಅಂತೀರಿ, ಮತ್ತೆ ಇಳಕಲ್ ಸೀರೆಗೆ ಗಂಡಸರ ಶರ್ಟು ಯಾಕೆ ಹಾಕಿಕೊಂಡಿದ್ದೀರಿ?” ಇನ್ನಷ್ಟು ಸೌಜನ್ಯವುಳ್ಳವರು ದನಿ ತಗ್ಗಿಸಿ, “ಹೊಲಿಯಲು ಕೊಟ್ಟ ರವಿಕೆ ಇನ್ನೂ ಬಂದಿಲ್ಲವೇ?” ಎಂದು ವಿಚಾರಿಸುತ್ತಾರೆ. ಹಬ್ಬದ ಹಿಂದಿನ ದಿನ ದರ್ಜಿಯ ಅಂಗಡಿಯ ಮುಂದೆ ಕಾದು ನಿಂತ ಅನುಭವವಿದ್ದವರಿಗೆ ಈ ಊಹೆ ಅಸಹಜವೆನಿಸಲಾರದು.

ಜನ ನನ್ನಿಂದ ಕಲೆ, ಬಂಡಾಯ, ಸ್ತ್ರೀಸ್ವಾತಂತ್ರ್ಯ ಮೊದಲಾದ ದೊಡ್ಡ ಮಾತುಗಳನ್ನು ನಿರೀಕ್ಷಿಸುತ್ತಾರೆ. ನಿಜವಾದ ಉತ್ತರ ಮಾತ್ರ ಬಹಳ ಸಣ್ಣದು. ಶರ್ಟಿಗೆ ಜೇಬಿದೆ. ನನ್ನ ಅಜ್ಜಿಯ ಸೊಂಟದಲ್ಲಿ ಎಲೆಯಡಿಕೆಯ ಸಂಚಿಯಿತ್ತು, ಚಿಲ್ಲರೆ ಹಣ ಸೆರಗಿನ ತುದಿಯ ಗಂಟಿನಲ್ಲಿತ್ತು. ಅವರಿಗೆ ಅದು ಸಾಕಾಗಿತ್ತು. ಅಳತೆಯ ಟೇಪು, ಸೀಮೆಸುಣ್ಣ, ಪೆನ್ನು, ಫೋನು ಇಷ್ಟನ್ನೂ ಸೆರಗಿಗೆ ಗಂಟು ಹಾಕಿಕೊಂಡು ಓಡಾಡುವುದು ನನಗೆ ಸಾಧ್ಯವಿಲ್ಲ. ಹೆಂಗಸರ ಜೇಬಿನ ಕಥೆ ಯೂರೋಪಿನಲ್ಲೂ ಇಷ್ಟೇ ಪೇಚಿನದು. ಹದಿನೆಂಟನೆಯ ಶತಮಾನದ ಹೆಂಗಸರು ಅಗಲವಾದ ಲಂಗದ ಒಳಗೆ ದೊಡ್ಡ ಬಟ್ಟೆಚೀಲಗಳನ್ನು ದಾರದಿಂದ ಸೊಂಟಕ್ಕೆ ಕಟ್ಟಿಕೊಂಡು, ಲಂಗದ ಸೀಳಿನಿಂದ ಕೈ ಹಾಕಿ ಬೇಕಾದ್ದನ್ನು ತೆಗೆಯುತ್ತಿದ್ದರು. ಆ ಶತಮಾನದ ಕೊನೆಗೆ ಮೈಗಂಟಿ ಇಳಿಬೀಳುವ ತೆಳು ಉಡುಪಿನ ಕಾಲ ಬಂತು, ಒಳಗಿನ ಚೀಲಕ್ಕೆ ಜಾಗವೇ ಇಲ್ಲದಾಯಿತು, ಜೇಬು ಕೈಗೆ ಬಂದು ತೂಗಾಡತೊಡಗಿತು. ಅದನ್ನೇ ಇಂದು ನಾವು ಸಾವಿರಾರು ರೂಪಾಯಿ ಕೊಟ್ಟು ಹ್ಯಾಂಡ್‌ಬ್ಯಾಗ್ ಎಂದು ಕೊಳ್ಳುತ್ತೇವೆ.

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂಬ ಗಾದೆಯನ್ನು ನನ್ನ ಸೋದರತ್ತೆ ಈ ಶರ್ಟನ್ನು ಕಂಡಾಗಲೆಲ್ಲ ತಪ್ಪದೆ ಹೇಳುತ್ತಾರೆ. ಪರರ ಇಚ್ಛೆ ಒಂದೇ ಕಡೆ ನಿಲ್ಲುವುದಿಲ್ಲವೆಂಬುದಷ್ಟೇ ನನ್ನ ತಕರಾರು. ಅತ್ತೆ ಕಾಪಾಡಲು ಹೊರಟಿರುವ ‘ಸಂಪ್ರದಾಯದ’ ರವಿಕೆಯನ್ನೇ ತೆಗೆದುಕೊಳ್ಳಿ. ಕವಿ ರವೀಂದ್ರನಾಥರ ಅಣ್ಣ ಸತ್ಯೇಂದ್ರನಾಥ ಟಾಗೋರರ ಪತ್ನಿ ಜ್ಞಾನದಾನಂದಿನಿ ದೇವಿಯವರು 1860ರ ದಶಕದಲ್ಲಿ ಮುಂಬಯಿಗೆ ಹೋಗಿ, ಅಲ್ಲಿನ ಪಾರ್ಸಿ ಹೆಂಗಸರು ಸೀರೆಯುಡುವ ಬಗೆಯನ್ನು ನೋಡಿ ಕಲಿತು, ಅದಕ್ಕೆ ಒಳಲಂಗವನ್ನೂ ತೋಳುಳ್ಳ ಮೇಲಂಗಿಯನ್ನೂ ಸೇರಿಸಿ ಬಂಗಾಳಕ್ಕೆ ಒಯ್ದರು. ಆ ಕಾಲದ ಛಾಯಾಚಿತ್ರಗಳಲ್ಲಿ ಸೀರೆಯುಟ್ಟ ಹೆಂಗಸರು ಕತ್ತಿನವರೆಗೆ ಕಾಲರು, ಮಣಿಕಟ್ಟಿನವರೆಗೆ ತೋಳು, ಅಲ್ಲಲ್ಲಿ ಲೇಸು ಇರುವ ಅಪ್ಪಟ ವಿಕ್ಟೋರಿಯನ್ ಅಂಗಿಗಳಲ್ಲಿ ಗಂಭೀರವಾಗಿ ಕುಳಿತಿದ್ದಾರೆ. ಅಂದರೆ ಸೀರೆಗೆ ಶರ್ಟು ಹಾಕಿದ ವಿಚಿತ್ರ ಹೆಂಗಸು ನಾನೇ ಮೊದಲಿಗಳಲ್ಲ. ನೂರೈವತ್ತು ವರ್ಷ ತಡವಾಗಿ ಬಂದವಳು.

ನಮ್ಮ ವೃತ್ತಿಯಲ್ಲಿ ವಿಚಿತ್ರವೆಂದರೆ ಮೊದಲು ನೆನಪಾಗುವ ಹೆಸರು ಎಲ್ಸಾ ಸ್ಕಿಯಾಪರೆಲ್ಲಿ. 1937ರಲ್ಲಿ ಚಿತ್ರಕಲಾವಿದ ಸಾಲ್ವಡೋರ್ ಡಾಲಿಯ ಜೊತೆಗೂಡಿ ಆಕೆ ರೂಪಿಸಿದ, ಮೇಲೆ ಹಿಮ್ಮಡಿಯೂ ಹಣೆಯ ಕಡೆಗೆ ಮೂತಿಯೂ ಇರುವ ಬೂಟಿನಾಕಾರದ ಟೊಪ್ಪಿಗೆಯನ್ನು ಎಲ್ಲರೂ ಬಲ್ಲರು, ಧರಿಸಿದವರು ಮಾತ್ರ ಬೆರಳೆಣಿಕೆಯಷ್ಟು. ಆದರೆ ಆಕೆಗೆ ಮಾರುಕಟ್ಟೆಯಲ್ಲಿ ಹೆಸರು ತಂದದ್ದು ಅದಕ್ಕೂ ಹತ್ತು ವರ್ಷ ಮೊದಲಿನ ಒಂದು ಕಪ್ಪು ಸ್ವೆಟರು. ಕತ್ತಿನ ಬಳಿ ಬಿಳಿಯ ಬೋ ಕಟ್ಟಿದಂತೆ ಕಾಣುತ್ತದೆ. ಹತ್ತಿರ ಹೋದರೆ ಅಲ್ಲಿ ಬೋ ಇಲ್ಲ, ಅದು ನೂಲಿನಲ್ಲೇ ಹೆಣೆದ ಚಿತ್ರ. ಚಳಿಗೆ ಬೆಚ್ಚಗಿರುತ್ತದೆ, ನೋಡುವವರನ್ನು ಒಂದು ಕ್ಷಣ ಏಮಾರಿಸುತ್ತದೆ, ಬೋ ಜಾರಿಬೀಳುವ ಭಯವಿಲ್ಲ. ನನಗೆ ಆ ಟೊಪ್ಪಿಗೆಯನ್ನು ಕಂಡರೆ ನಗು, ಈ ಸ್ವೆಟರನ್ನು ಕಂಡರೆ ಹೊಟ್ಟೆಕಿಚ್ಚು.

ಈ ವ್ಯತ್ಯಾಸವನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ಸಾರಿನಿಂದ ಕಲಿತದ್ದು. ವೃತ್ತಿಯ ಆರಂಭದ ದಿನಗಳಲ್ಲಿ ಗೆಳತಿಯೊಬ್ಬಳ ಮದುವೆಗೆಂದು, ಮೊಣಕೈಯಿಂದ ಕೆಳಗೆ ದೇವಸ್ಥಾನದ ಗಂಟೆಯಂತೆ ಅರಳುವ ತೋಳಿನ ಉಡುಪೊಂದನ್ನು ನನಗಾಗಿ ನಾನೇ ಹೊಲಿದುಕೊಂಡಿದ್ದೆ. ಛಾಯಾಗ್ರಾಹಕರು ಮದುಮಗಳನ್ನು ಬಿಟ್ಟು ನನ್ನತ್ತ ತಿರುಗಿದ್ದನ್ನು ಕಂಡು ಬೀಗಿದ್ದೂ ಉಂಟು. ಆದರೆ ಪಂಕ್ತಿಯಲ್ಲಿ ಕುಳಿತು ಬಾಳೆಎಲೆಯ ಮೇಲಿನ ಅನ್ನಕ್ಕೆ ಕೈ ಚಾಚಿದ ಮರುಕ್ಷಣ, ನಾನು ಕಲಸುವ ಮೊದಲೇ ನನ್ನ ತೋಳು ಸಾರನ್ನು ಕಲಸಿತ್ತು. ಪಕ್ಕದಲ್ಲಿದ್ದ ಹಿರಿಯರು ತಮ್ಮ ಪಾಯಸವನ್ನು ಮೆಲ್ಲಗೆ ಆಚೆಗೆ ಸರಿಸಿಕೊಂಡರು. ಆ ಉಡುಪನ್ನು ಮತ್ತೆ ಧರಿಸಲಿಲ್ಲ.

ಮತ್ತೆ ಮತ್ತೆ ಧರಿಸಲು ಬಾರದ ಬಟ್ಟೆ ಎಷ್ಟೇ ಚೆನ್ನಾಗಿದ್ದರೂ ವೇಷವೇ ಹೊರತು ಯಾರ ಶೈಲಿಯೂ ಆಗಲಾರದು. ಉಷಾ ಉತ್ತುಪ್ 1969ರಲ್ಲಿ ಮದರಾಸಿನ ನೈಟ್‌ಕ್ಲಬ್ಬಿನಲ್ಲಿ ಸೀರೆಯುಟ್ಟು ಹಾಡಲು ನಿಂತಾಗ ಆ ಜಾಗಕ್ಕೆ ಆ ಉಡುಗೆ ವಿಚಿತ್ರವಾಗಿಯೇ ಕಂಡಿರಬೇಕು. ಇಂದು ಅವರ ರೇಷ್ಮೆ ಸೀರೆ, ಅದರಡಿಯ ಕಾಂಜೀವರಂ ಬಟ್ಟೆ ಹೊದಿಸಿದ ಕ್ಯಾನ್ವಾಸ್ ಬೂಟು, ಬಂಗಾಳಿಯ ‘ಕ’ ಅಕ್ಷರವಿರುವ ದೊಡ್ಡ ಬೊಟ್ಟು, ಇವುಗಳಿಲ್ಲದೆ ಅವರು ಎದುರಿಗೆ ಬಂದರೆ ನಮಗೇ ಗುರುತು ಹತ್ತಲಿಕ್ಕಿಲ್ಲ. ಗಂಟೆಗಟ್ಟಲೆ ವೇದಿಕೆಯ ಮೇಲೆ ನಿಂತು ಹಾಡುವವರಿಗೆ ಹಿಮ್ಮಡಿ ಚಪ್ಪಲಿಗಿಂತ ಆ ಬೂಟು ಎಷ್ಟು ಹಿತವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಶರ್ಟಿನ ಕೆಳಗಿನ ಸೀರೆಯ ಮಾತು. ಇಳಕಲ್ ಸೀರೆಯ ಒಡಲು ಹಸಿರಾಗಲಿ, ನೀಲಿಯಾಗಲಿ, ಸೆರಗು ಮಾತ್ರ ಕೆಂಪು, ಅದರ ಮೇಲೆ ಜೋಳದ ತೆನೆಯನ್ನೂ ಬಾಚಣಿಗೆಯ ಹಲ್ಲನ್ನೂ ನೆನಪಿಸುವ ಬಿಳಿಯ ಆಕೃತಿಗಳು. ಒಡಲಿನ ಹಾಸಿನ, ಎಂದರೆ ಉದ್ದಕ್ಕೆ ಹಾಯುವ, ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಿ, ಬೇಕೆಂದೇ ಈ ಎರಡು ಬಣ್ಣಗಳನ್ನು ಎದುರುಬದುರು ನಿಲ್ಲಿಸುತ್ತಾರೆ. ಇದೇ ನಕಾಶೆಯನ್ನು ಹೊಸ ವಿದ್ಯಾರ್ಥಿಯೊಬ್ಬಳು ಹಾಳೆಯ ಮೇಲೆ ಬರೆದು ತಂದರೆ, ಬಣ್ಣ ಹೊಂದುವುದಿಲ್ಲವೆಂದು ನಾನೇ ತಿದ್ದಿಬಿಡುತ್ತಿದ್ದೆನೇನೋ. ಶುಭಕಾರ್ಯಕ್ಕೆ ಕಪ್ಪು ಕೂಡದೆನ್ನುವ ನಾಡಿನಲ್ಲೇ, ಮೈತುಂಬ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆಯನ್ನು ಮದುಮಗಳಿಗೆ ಕೊಡುವ ಪದ್ಧತಿಯೂ ಉತ್ತರ ಕರ್ನಾಟಕದಲ್ಲಿತ್ತು. ತಲೆಮಾರುಗಟ್ಟಲೆ ಉಟ್ಟದ್ದರಿಂದ ಅವುಗಳ ವಿಚಿತ್ರ ನಮಗೆ ಕಾಣದಾಗಿದೆ.

ಆದ್ದರಿಂದ, ‘ನನಗೂ ಏನಾದರೂ ಬೇರೆ ಥರ ಮಾಡಿಕೊಡಿ’ ಎಂದು ಬರುವವರಿಗೆ ನಾನು ಒಂದೇ ಒಂದು ವಿಚಿತ್ರವನ್ನು ಹೊಲಿದುಕೊಟ್ಟು, ಉಳಿದದ್ದೆಲ್ಲವನ್ನೂ ಸಪ್ಪೆಯಾಗಿಡುತ್ತೇನೆ. ಮೂರು ತಿಂಗಳು ಧರಿಸಿ, ಬಸ್ಸು ಹತ್ತಿ, ಪಂಕ್ತಿಯಲ್ಲಿ ಉಂಡು ಆಮೇಲೆ ಬನ್ನಿ ಎನ್ನುತ್ತೇನೆ. ಅರ್ಧದಷ್ಟು ಜನ ಮರಳಿ ಬರುವುದಿಲ್ಲ.

ಕಳೆದ ದೀಪಾವಳಿಗೆ ಅತ್ತೆಯ ಮನೆಗೆ ಹೋಗಿದ್ದೆ. ಅವರು ಎಂದಿನಂತೆ ಗಾದೆಯನ್ನು ಹೇಳಿ ಮುಗಿಸಿ, ಕನ್ನಡಕ ಎಲ್ಲಿಟ್ಟೆನೆಂದು ಹದಿನೈದು ನಿಮಿಷ ಮನೆಯೆಲ್ಲ ಹುಡುಕಾಡಿ, ಕೊನೆಗೆ ದೇವರ ಮನೆಯಲ್ಲಿ ಸಿಕ್ಕ ಅದನ್ನು ಹಾಕಿಕೊಂಡು ನನ್ನ ಶರ್ಟನ್ನು ಹತ್ತಿರದಿಂದ ನೋಡಿದರು. “ಆ ಜೇಬು ಎಷ್ಟು ಆಳ ಇಡಿಸೀಯೇ?” ಎಂದು ಕೇಳಿದರು. ಆರಿಂಚು ಎಂದೆ.