ಪುಕ್ಕಟೆ ಸಿಗುವ ಹಾಡಿಗೆ ರೊಕ್ಕ ಯಾರು ಕೊಡ್ತಾರೆ?

"ಹಾಡು ಫೋನಿನ್ಯಾಗ ಪುಕ್ಕಟ್ ಸಿಗ್ತಾವ. ನಿನಗ ರೊಕ್ಕ ಯಾರ್ ಕೊಡ್ತಾರೋ ತಮ್ಮಾ?"

ಕಲಬುರಗಿಯಲ್ಲಿ ಮದುವೆ ಊಟಕ್ಕೆ ಕೂತರೂ ಇದೇ ಪ್ರಶ್ನೆ, ಸೂಪರ್ ಮಾರ್ಕೆಟ್‌ಗೆ ಕೇಬಲ್ ತರಲು ಹೋದರೂ ಇದೇ ಪ್ರಶ್ನೆ. ಕೇಳುವವರು ಕಾಳಜಿಯಿಂದಲೇ ಕೇಳುತ್ತಾರೆ. ಈಚೆಗೆ ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರೂ ಕೇಳುತ್ತಿದ್ದಾರೆ. ಅವರು ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಉತ್ತರ ಹೇಳಬೇಕಲ್ವಾ? ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತೇನೆ. ಕಂಪ್ಯೂಟರ್, ಕೀಬೋರ್ಡ್, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಒಂದು ಸಿಂಥಸೈಜರ್, ಒಂದು ಮೈಕು. ಹಿಂದೆ ಯಾವ ಆಡಿಯೊ ಕಂಪನಿಯೂ ಇಲ್ಲ. ಟ್ಯೂನ್ ಕಟ್ಟುವುದರಿಂದ ಹಿಡಿದು ಬಿಲ್ಲು ಬರೆಯುವವರೆಗೆ ಎಲ್ಲ ನನ್ನದೇ ಕೆಲಸ. ರೊಕ್ಕ ಒಂದೇ ಕಡೆಯಿಂದ ಬರುವುದಿಲ್ಲ, ನಾಲ್ಕಾರು ಕಡೆಯಿಂದ ಬರುತ್ತದೆ. ಜಾಸ್ತಿ ಬರುವುದು ಬೇರೆಯವರ ಹಾಡಿಗೆ ಮಾಡುವ ಕೆಲಸದಿಂದ. ಆದರೂ ಇದನ್ನು ವೃತ್ತಿ ಅಂತ ಕರೆಯುವ ಧೈರ್ಯ ನನಗೆ ಬಂದಿರುವುದು ನನ್ನ ರೆಕಾರ್ಡಿಂಗ್‌ಗಳ ಹಕ್ಕು ನನ್ನ ಹತ್ತಿರವೇ ಇರುವುದರಿಂದ.

ಮೊದಲು ಬೇರೆಯವರ ಹಾಡಿನ ವಿಷಯ. ನಮ್ಮ ಕಡೆ ಜಾನಪದ ಡಿಜೆ ಹಾಡುಗಳಿಗೆ ಎಷ್ಟು ಬೇಡಿಕೆ ಇದೆ ಅನ್ನೋದು ಇಲ್ಲಿ ಹುಟ್ಟಿದವರಿಗೆ ಹೇಳಬೇಕಾಗಿಲ್ಲ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ, ಬಸವ ಜಯಂತಿ, ಗಣಪತಿ, ಊರೂರಿನ ಜಾತ್ರೆ. ಪ್ರತಿ ಮೆರವಣಿಗೆಗೂ ಹೊಸ ಹಾಡು ಬೇಕು. ಗಾಯಕರು ಫೋನಿನಲ್ಲೇ ಹಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಹಿಂದೆ ಫ್ಯಾನಿನ ಸದ್ದು, ನಾಯಿ ಬೊಗಳಿದ್ದು, ಯಾರೋ ಬಾಗಿಲು ಹಾಕಿದ್ದು ಎಲ್ಲಾ ಇರುತ್ತದೆ. ಅದನ್ನು ಶುಚಿ ಮಾಡಿ, ತಾಳಕ್ಕೆ ಕೂಡಿಸಿ, ಹಲಗೆಯ ಬಡಿತ ಸೇರಿಸಿ, ಬೇಸ್ ಕಟ್ಟಿ ಕೊಡಬೇಕು.

ಕೆಲವರು ಇದನ್ನು ಹಗುರವಾಗಿ ನೋಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇದು ಕಷ್ಟದ ಕೆಲಸ. ಒಂದೇ ಹಾಡು ಟ್ರ್ಯಾಕ್ಟರ್ ಮೇಲೆ ಪೇರಿಸಿದ ಡಿಜೆ ಬಾಕ್ಸ್‌ನಲ್ಲೂ ಕೇಳಬೇಕು, ಅಂಗೈಯಗಲದ ಫೋನಿನಲ್ಲೂ ಕೇಳಬೇಕು. ಫೋನಿನ ಪುಟ್ಟ ಸ್ಪೀಕರ್‌ಗೆ 50 ಹರ್ಟ್ಜ್‌ನ, ಅಂದರೆ ತೀರಾ ತಗ್ಗಿನ, ಸದ್ದು ಹೊರಡಿಸುವ ತಾಕತ್ತು ಇಲ್ಲ. ಹಾಗಾಗಿ ಬೇಸ್‌ಗೆ ಸ್ವಲ್ಪ ಸ್ಯಾಚುರೇಶನ್ ಕೊಡುತ್ತೇವೆ, ಅಂದರೆ ಆ ಸದ್ದನ್ನು ಬೇಕಂತಲೇ ಸ್ವಲ್ಪ ಒರಟು ಮಾಡುತ್ತೇವೆ. ಆಗ 100, 150, 200 ಹರ್ಟ್ಜ್‌ನಲ್ಲಿ ಅದರ ಮೇಲಿನ ಸ್ವರಗಳು ಹುಟ್ಟುತ್ತವೆ. ಅವನ್ನು ಕೇಳಿಸಿಕೊಂಡ ಕಿವಿ, ಇಲ್ಲದ ಕೆಳಗಿನ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಡಿಜೆ ಬಾಕ್ಸ್‌ನ ಸಮಸ್ಯೆ ಬೇರೆ. ಬೇಸ್ ಎಡಕ್ಕೊಂದು ಬಲಕ್ಕೊಂದು ತರ ಇದ್ದರೆ, ಎರಡನ್ನೂ ಕೂಡಿಸಿ ಎಲ್ಲಾ ಬಾಕ್ಸ್‌ಗೆ ಕಳಿಸಿದಾಗ ಒಂದನ್ನೊಂದು ಅಳಿಸಿಬಿಡಬಹುದು. ಅದಕ್ಕೆ ಕೆಳಗಿನ ಸದ್ದನ್ನು ಯಾವಾಗಲೂ ಮೋನೊ, ಅಂದರೆ ಎಡಕ್ಕೂ ಬಲಕ್ಕೂ ಒಂದೇ ತರ, ಮಾಡಿ ಇಡಬೇಕು. ಇಂಥ ವಿಷಯ ಗೊತ್ತಿದ್ದವರಿಗೆ ಕೆಲಸ ಹುಡುಕಿಕೊಂಡು ಬರುತ್ತದೆ. ಯಾದಗಿರಿಯಿಂದ, ಬೀದರ್‌ನಿಂದ ನನಗೆ ಫೋನ್ ಬರುವುದು ಇದಕ್ಕೇ. ಮನೆ ನಡೆಯುವುದೂ ಇದರಿಂದಲೇ.

ಹೀಗೆ ಹೊಟ್ಟೆಗೊಂದು ಕೆಲಸ, ಮನಸ್ಸಿಗೊಂದು ಕೆಲಸ ಮಾಡಿದವರಲ್ಲಿ ನನಗೆ ತುಂಬಾ ಇಷ್ಟವಾದವರು ಚರಣ್‌ಜೀತ್ ಸಿಂಗ್. ಮುಂಬೈನ ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ಗಿಟಾರ್, ಕೀಬೋರ್ಡ್ ನುಡಿಸಿಕೊಂಡಿದ್ದವರು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಬಿ-303, ಟಿಆರ್-808, ಜುಪಿಟರ್-8 ಎಂಬ, ಸದ್ದು ಮತ್ತು ತಾಳ ಹುಟ್ಟಿಸುವ ಮೂರು ಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂಡಿಸಿದರು. ಆಗ ಅದನ್ನು ಹೆಚ್ಚು ಜನ ಕೇಳಲಿಲ್ಲ. ಅದೇ 303 ಯಂತ್ರದಿಂದ ಅಮೆರಿಕದ ಶಿಕಾಗೋದಲ್ಲಿ ಆಸಿಡ್ ಹೌಸ್ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಪ್ರಕಾರ ದಾಖಲಾಗಿ ಹೊರಬಂದದ್ದು 1987ರಲ್ಲಿ. ಸಿಂಗ್ ಅವರ ರೆಕಾರ್ಡು 2010ರಲ್ಲಿ ಮತ್ತೆ ಬಿಡುಗಡೆಯಾದಾಗ ಜಗತ್ತು ಕಿವಿಗೊಟ್ಟಿತು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರು ಯುರೋಪಿನ ವೇದಿಕೆಗಳಲ್ಲಿ ಅದನ್ನು ನುಡಿಸಿದರು. 2015ರಲ್ಲಿ ತೀರಿಕೊಂಡರು. ದಾಖಲಾದ ಸಂಗೀತಕ್ಕೆ ಯಾವಾಗ ಕಾಲ ಕೂಡಿಬರುತ್ತೋ ಹೇಳಲಾಗದು. ಆ ದಿನ ಬಂದಾಗ ಅದು ಯಾರ ಕೈಯಲ್ಲಿರುತ್ತದೆ ಅನ್ನುವುದೇ ನನ್ನ ತಲೆಯಲ್ಲಿ ಕೊರೆಯುವ ಪ್ರಶ್ನೆ.

ಸ್ಟ್ರೀಮಿಂಗ್‌ನಿಂದ, ಅಂದರೆ ಸ್ಪಾಟಿಫೈನಂಥ ಆ್ಯಪ್‌ಗಳಲ್ಲಿ ಜನ ಹಾಡು ಕೇಳುವುದರಿಂದ, ಬರುವುದು ಕಡಿಮೆ. ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರ ಫೆಬ್ರವರಿಯಲ್ಲಿ. ಒಂದು ಸಲ ಕೇಳಿದರೆ ಇಷ್ಟು ಪೈಸೆ ಎಂಬ ದರ ಅಲ್ಲಿ ಇಲ್ಲ. ಚಂದಾ, ಜಾಹೀರಾತುಗಳಿಂದ ಬಂದ ರೊಕ್ಕವನ್ನು ಒಟ್ಟು ಮಾಡಿ, ತಮ್ಮ ಪಾಲು ತೆಗೆದು, ಒಟ್ಟು ಕೇಳಿದ್ದರಲ್ಲಿ ಯಾರ ಹಾಡು ಎಷ್ಟು ಅಂತ ನೋಡಿ ಹಂಚುತ್ತಾರೆ. ದೊಡ್ಡವರಿಗೆ ದೊಡ್ಡ ಪಾಲು. 2024ರಿಂದ ಇನ್ನೊಂದು ಷರತ್ತು ಬಂದಿದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳದ ಹಾಡಿಗೆ ಲೆಕ್ಕವೇ ಇಲ್ಲ. ಹೊಸಬರಿಗೆ ಇದು ಅನ್ಯಾಯ ಅಂತ ನಾನು ನಂಬುತ್ತೇನೆ. 900 ಸಲ ಕೇಳಿದವರೂ ಕೇಳಿದವರೇ.

ಬ್ಯಾಂಡ್‌ಕ್ಯಾಂಪ್ ಎಂಬ ಇನ್ನೊಂದು ಜಾಲತಾಣ 2008ರಿಂದ ಇದೆ. ಅಲ್ಲಿ ಕೇಳುಗರು ನೇರವಾಗಿ ಆಲ್ಬಂ ಕೊಳ್ಳುತ್ತಾರೆ. ಡಿಜಿಟಲ್ ಮಾರಾಟದಲ್ಲಿ ಸಾಮಾನ್ಯವಾಗಿ ಶೇ. 15 ಅವರಿಗೆ, ಪಾವತಿ ಶುಲ್ಕ ಬೇರೆ, ಉಳಿದದ್ದು ನಮಗೆ. ನನ್ನಂಥವರಿಗೆ ಹತ್ತು ಜನ ಕೊಂಡರೆ ಸಾವಿರಾರು ಸ್ಟ್ರೀಮ್‌ಗಿಂತ ಮೇಲು. ಕೊಂಡವರು ಕೆಲವೊಮ್ಮೆ ಎರಡು ಸಾಲು ಬರೆದೂ ಕಳಿಸುತ್ತಾರೆ. ಅದನ್ನು ಓದಿದ ದಿನ ಕೆಲಸ ಮಾಡುವ ಹುಮ್ಮಸ್ಸೇ ಬೇರೆ.

ಈಗ ಹಕ್ಕಿನ ವಿಷಯ. ಒಂದು ಹಾಡಿನಲ್ಲಿ ಬೇರೆ ಬೇರೆ ಹಕ್ಕುಗಳಿರುತ್ತವೆ. ಸಾಹಿತ್ಯ ಬರೆದವರದ್ದು, ರಾಗ ಹಾಕಿದವರದ್ದು, ರೆಕಾರ್ಡಿಂಗ್ ಮಾಡಿಸಿದವರದ್ದು, ಹಾಡಿದವರದ್ದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ರೆಕಾರ್ಡಿಂಗ್‌ನ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. 2012ರ ತಿದ್ದುಪಡಿ ಬಂದ ಮೇಲೆ ಸಾಹಿತ್ಯ ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿ ಪಾಲನ್ನು ಕಂಪನಿಗೆ ಬರೆದುಕೊಡುವಂತೆಯೇ ಇಲ್ಲ. ಆ ರಾಯಲ್ಟಿ ವಸೂಲಿ ಮಾಡಿ ಹಂಚಲು 1969ರಿಂದ ಐಪಿಆರ್‌ಎಸ್ ಎಂಬ ಸಂಸ್ಥೆ ಇದೆ. ನಮ್ಮ ಕಡೆಯ ಎಷ್ಟೋ ಗೀತರಚನೆಕಾರರು ಅದರ ಸದಸ್ಯರಾಗಿಲ್ಲ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಒಮ್ಮೆ ಒಂದು ಜಾಹೀರಾತಿಗೆ ನನ್ನ ಟ್ರ್ಯಾಕ್ ಕೇಳಿದರು. ಒಂದೇ ಗಂಟಿನಲ್ಲಿ ರೊಕ್ಕ ಕೊಡುತ್ತೇವೆ, ಎಲ್ಲ ಹಕ್ಕು ಕಾಯಂ ನಮಗಿರಲಿ ಅಂದರು. ನಾನು ಒಪ್ಪಲಿಲ್ಲ. ಆ ಒಂದು ವಿಡಿಯೊಗೆ, ಒಂದು ವರ್ಷಕ್ಕೆ ಮಾತ್ರ ಅಂತ ಬರೆದು ಕಳಿಸಿದೆ. ರೊಕ್ಕ ಸ್ವಲ್ಪ ಇಳಿಸಿದರು, ಆದರೆ ಒಪ್ಪಿದರು. ಮುಂದಿನ ವರ್ಷ ಮತ್ತೆ ಬೇಕಾಯಿತು, ಮತ್ತೆ ಕೊಟ್ಟರು. ಮನೆಯಲ್ಲಿ ಅಪ್ಪನಿಗೆ ಇದು ತಟ್ಟನೆ ಅರ್ಥವಾಯಿತು. ತೊಗರಿ ಬೆಳೆಯುವ ಹೊಲವನ್ನು ಮಾರುವುದು ಬೇರೆ, ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಡುವುದು ಬೇರೆ. ಆಮೇಲೆ ಅವರು ನನಗೆ ನೌಕರಿ ನೋಡು ಅನ್ನುವುದನ್ನು ಬಿಟ್ಟರು.

ನಮ್ಮ ಹಕ್ಕು ಕೇಳುವವರು ಬೇರೆಯವರ ಹಕ್ಕನ್ನೂ ಕೊಡಬೇಕಲ್ವಾ? ನಾನು ತತ್ವಪದಗಳನ್ನು ಸಿಂಥಸೈಜರ್ ಜೊತೆ ಕೂಡಿಸುತ್ತೇನೆ. ಹಿಂದಿನ ಕಾಲದ ತತ್ವಪದಕಾರ ಕಡಕೋಳದ ಮಡಿವಾಳಪ್ಪನವರ ಪದಗಳು ಎಲ್ಲರ ಸ್ವತ್ತು, ಹಾಡಲು ಯಾರ ಅಪ್ಪಣೆಯೂ ಬೇಡ. ಆದರೆ ಏಕತಾರಿ ಹಿಡಿದು ಹಾಡಿದ ಹಿರಿಯರ ದನಿ ಅವರದು. ಕಾಯ್ದೆಯಲ್ಲಿ ಹಾಡಿದವರ ಹಕ್ಕಿಗೆ 50 ವರ್ಷದ ರಕ್ಷಣೆ ಇದೆ. ಕಾಯ್ದೆ ಇರದಿದ್ದರೂ ಕೊಡಬೇಕಾದದ್ದೇ. ರೆಕಾರ್ಡಿಂಗ್‌ಗೆ ಮುಂಚೆ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಇಂದು ಇಷ್ಟು ಸಂಭಾವನೆ, ಮುಂದೆ ಬರುವುದರಲ್ಲಿ ಅರ್ಧ ನಿಮಗೆ, ಹೆಸರು ಹೀಗೆ ಬರುತ್ತದೆ ಅಂತ. ಓದಿ ಹೇಳಿ, ಇಬ್ಬರೂ ಸಹಿ ಮಾಡುತ್ತೇವೆ. ಅವರಿಗೆ ಒಂದು ಪ್ರತಿ.

ಕಲಬುರಗಿಯಲ್ಲೇ ಯಾಕೆ ಇದ್ದೀರಿ ಅಂತಲೂ ಜೊತೆಗೆ ಕೇಳುತ್ತಾರೆ. ಬಾಡಿಗೆ ಕಡಿಮೆ, ಫೈಲು ಎಲ್ಲಿಂದ ಬೇಕಾದರೂ ಹೋಗುತ್ತದೆ. ಕಾರ್ಯಕ್ರಮ ಇದ್ದರೆ ಹೈದರಾಬಾದ್ ನಮಗೆ ಬೆಂಗಳೂರಿಗಿಂತ ಹತ್ತಿರ. ಮೇ ತಿಂಗಳು ಮಾತ್ರ ಕಷ್ಟ. ಫ್ಯಾನು, ಕೂಲರ್ ಆರಿಸದೆ ಹಾಡು ರೆಕಾರ್ಡ್ ಮಾಡಲಾಗದು, ಆರಿಸಿದರೆ ಕೂರಲಾಗದು. ಆ ತಿಂಗಳು ಬೆಳಗಿನ ಜಾವವೇ ನಮ್ಮ ಸ್ಟುಡಿಯೊ ಸಮಯ.

ಕೊನೆಗೆ, ಹಾಡು ಮಾಡಿ ಯೂಟ್ಯೂಬ್ ಚಾನೆಲ್‌ಗೆ ಕೊಡುವ ತಮ್ಮ ತಂಗಿಯರಿಗೆ ಒಂದು ಮಾತು. ನಮ್ಮ ಕಡೆ ತುಂಬಾ ನಡೆಯುವುದು ಇದು. ಐದೋ ಹತ್ತೋ ಸಾವಿರಕ್ಕೆ ಹಾಡು ಕೊಟ್ಟುಬಿಡುತ್ತಾರೆ. ಚಾನೆಲ್‌ನವರು ಅದನ್ನು ಕಂಟೆಂಟ್ ಐಡಿಗೆ, ಅಂದರೆ ಯಾರು ಹಾಡು ಹಾಕಿದರೂ ಗುರುತು ಹಿಡಿಯುವ ಯೂಟ್ಯೂಬ್ ವ್ಯವಸ್ಥೆಗೆ, ಸೇರಿಸುತ್ತಾರೆ. ಆಮೇಲೆ ಹಾಡಿದವರೇ ತಮ್ಮ ಚಾನೆಲ್‌ನಲ್ಲಿ ಹಾಕಿದರೆ ಅವರಿಗೇ 'ಈ ಹಾಡು ನಮ್ಮದು' ಎಂಬ ಕ್ಲೇಮ್ ಬರುತ್ತದೆ, ಜಾಹೀರಾತಿನ ರೊಕ್ಕ ಆ ಕಡೆ ಹೋಗುತ್ತದೆ. ಇದಕ್ಕೂ ಕಾಯ್ದೆಯಲ್ಲಿ ದಾರಿ ಇದೆ. ಹಕ್ಕು ಬರೆದುಕೊಡುವುದು ಬಾಯಿಮಾತಲ್ಲಿ ಆಗುವುದಿಲ್ಲ. ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ವರ್ಷ ಅಂತ ಬರೆಯದಿದ್ದರೆ 5 ವರ್ಷ ಅಂತಲೇ ಲೆಕ್ಕ. ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕೆ ಹಾಡು ಕಳಿಸುವ ಮುಂಚೆ ಚಾನೆಲ್‌ನವರನ್ನು ಎರಡೇ ಮಾತು ಕೇಳಿ: ಎಷ್ಟು ವರ್ಷಕ್ಕೆ, ಕಂಟೆಂಟ್ ಐಡಿ ಯಾರ ಹೆಸರಿಗೆ? ಉತ್ತರ ಬರವಣಿಗೆಯಲ್ಲಿ ಬಂದ ಮೇಲೆ ಫೈಲು ಕಳಿಸಿ. ಆ ಕಾಗದ ನೋಡಿಕೊಡಲು ನಾನು ಸಿದ್ಧ, ಅದಕ್ಕೆ ರೊಕ್ಕ ತೆಗೆದುಕೊಳ್ಳುವುದಿಲ್ಲ.