ತರಗತಿಯಲ್ಲಿ ಯಾರಿಗೆ ಪ್ರಶ್ನೆ, ಯಾರಿಗೆ ಕಸಬರಿಗೆ: ಟೊರೊಂಟೊದಿಂದ ಊರಿನ ಅಕ್ಕೋರಿಗೆ

ಟೊರೊಂಟೊದ ಸರ್ಕಾರಿ ಶಾಲೆಗಳಲ್ಲಿ ತಮಿಳು, ಪಂಜಾಬಿ, ಸೋಮಾಲಿ ಮನೆಮಾತಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂತಿರುವುದು ಮಾಮೂಲು. ಕನ್ನಡ, ಮರಾಠಿ, ಉರ್ದು ಮೂರನ್ನೂ ದಿನಾ ಕೇಳುವ ಬೆಳಗಾವಿಯವರಿಗೆ ಇದೇನು ದೊಡ್ಡ ಸುದ್ದಿಯಲ್ಲ. ಆದ್ದರಿಂದ ಟೊರೊಂಟೊದ ಸ್ತ್ರೀವಾದಿ ಬೋಧನೆಯ, ಎಂದರೆ ಹುಡುಗಿಯರಿಗೂ ಸಮಪಾಲು ಸಿಗುವಂತೆ ಪಾಠ ಮಾಡುವುದರ, ಕೆಲವು ಪಟ್ಟುಗಳು ಊರಿನ ಶಾಲೆಗಳಲ್ಲಿಯೂ ನಡೆಯುತ್ತವೆ. ಎಲ್ಲವೂ ಅಲ್ಲ.

ಟೊರೊಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಪಠ್ಯಕ್ರಮದಲ್ಲಿ 2013ರಿಂದ 11ನೇ ತರಗತಿಗೆ ‘ಜೆಂಡರ್ ಸ್ಟಡೀಸ್’ (ಲಿಂಗ ಅಧ್ಯಯನ) ಎಂಬ ವಿಷಯವಿದೆ. ಅದು ಬೇಕೆಂದು 2005ರಿಂದಲೇ ವಿಶ್ವವಿದ್ಯಾಲಯದ ಹುಡುಗಿಯರು ಬೆನ್ನುಹತ್ತಿದ್ದರು. ಆದರೆ ಅದು ಐಚ್ಛಿಕ. ಮೊದಲೇ ಒಪ್ಪಿದವರು ಬಂದು ಕೂರುತ್ತಾರೆ, ಕೇಳಬೇಕಾದವರು ಪಕ್ಕದ ಕೋಣೆಯಲ್ಲಿರುತ್ತಾರೆ. ನಿಜವಾದ ಕೆಲಸ ಇರುವುದು ಗಣಿತ, ವಿಜ್ಞಾನದ ಪೀರಿಯಡ್ಡಿನಲ್ಲಿ.

ನಿಮ್ಮ ತರಗತಿಯಲ್ಲಿ ಯಾರಿಗೆ ಎಂಥ ಪ್ರಶ್ನೆ ಹೋಗುತ್ತದೆಂದು ತಿಳಿಯಲು ಒಂದು ಹಾಳೆಯ ಮೇಲೆ ಬೆಂಚುಗಳ ನಕ್ಷೆ ಬರೆಯಿರಿ. ಜೊತೆಯ ಶಿಕ್ಷಕರೊಬ್ಬರು ಹಿಂದೆ ಕೂತು 40 ನಿಮಿಷ ಗುರುತು ಹಾಕಲಿ: ಹೆಸರು ಹಿಡಿದು ಕೇಳಿದರೆ ಗೀಟು, ಮಗು ತಾನಾಗಿ ಕೂಗಿ ಹೇಳಿದರೆ ಸೊನ್ನೆ, ನೀವು ಮಗುವಿಗೆ ‘ಯಾಕೆ’, ‘ಹೇಗೆ’ ಎಂಬ ಪ್ರಶ್ನೆ ಕೇಳಿದರೆ ಚುಕ್ಕೆ. ಮೊದಲ ದಿನದ ಹಾಳೆ ಹರಿದುಬಿಡಿ. ನೋಡುವವರಿದ್ದಾರೆಂದು ಅಂದು ಎಲ್ಲರೂ ನೆಟ್ಟಗಿರುತ್ತಾರೆ. ಮುಂದಿನ ಮೂರ್ನಾಲ್ಕು ಹಾಳೆ ಜೋಡಿಸಿಟ್ಟು, ಚುಕ್ಕೆ ಯಾರ ಕಡೆ ಬಿದ್ದಿವೆ ನೋಡಿ.

ಹುಡುಗಿಯರಿಗೆ ಅರ್ಧ ಬಂದಿದೆ ಎಂದು ಹಾಳೆ ಮಡಚಬೇಡಿ. ಅಮೆರಿಕದ ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಷಾ 1989ರ ಲೇಖನದಲ್ಲಿ ಒಂದು ಮೊಕದ್ದಮೆಯನ್ನು ಬಿಡಿಸಿಟ್ಟಿದ್ದಾರೆ. ಕಾರು ಕಂಪನಿಯೊಂದು ಮೊದಲಿಂದಲೂ ಹೆಂಗಸರಿಗೆ ಕೆಲಸ ಕೊಟ್ಟಿತ್ತು, ಅವರೆಲ್ಲ ಬಿಳಿಯರು. ಕಪ್ಪು ಹೆಂಗಸರು ತಡವಾಗಿ ಸೇರಿದರು. ಕೊನೆಗೆ ಬಂದವರನ್ನು ಮೊದಲು ತೆಗೆದಾಗ ಅವರೇ ಹೊರಬಿದ್ದರು. ಹೆಂಗಸರನ್ನು ಸೇರಿಸಿಕೊಂಡಿದ್ದಾರಲ್ಲ, ಹೆಂಗಸರಿಗೆ ಅನ್ಯಾಯವೆಲ್ಲಿ ಎಂದಿತು ಕೋರ್ಟು. ವಿಜಯಪುರದ ಕಡೆ ಲಂಬಾಣಿ ತಾಂಡಾದ ಹುಡುಗಿ ಹೀಗೇ ಜಾರಿಹೋಗುತ್ತಾಳೆ: ಹುಡುಗಿಯರ ಮೊತ್ತ ಸರಿ, ತಾಂಡಾದ ಮಕ್ಕಳ ಮೊತ್ತವೂ ಸರಿ, ಅವಳ ಜಾಗ ಮಾತ್ರ ಖಾಲಿ. ಹಾಳೆಯ ಮೇಲೆ ಜಾತಿ, ಭಾಷೆ ಬರೆಯಬೇಡಿ. ಕೂರುವ ಜಾಗ ಗೊತ್ತಿದ್ದರೆ ಸಾಕು.

ಇನ್ನು ಕಾಯುವುದು. ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡಷ್ಟೇ ಕಾಯುತ್ತಾರೆಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟರು. ಮೂರು ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ತೊಂದರೆಯೆಂದರೆ, ಆ ಮೂರು ಸೆಕೆಂಡಿನಲ್ಲೇ ಮುಂದಿನ ಬೆಂಚಿನ ಹುಡುಗ ಕೂಗಿಬಿಡುತ್ತಾನೆ. ಅದಕ್ಕೇ ಮೊದಲು ಎಲ್ಲರೂ ಪಾಟಿಯ ಮೇಲೆ ಬರೆಯಲಿ, ಆಮೇಲೆ ಎರಡು ನಿಮಿಷ ಜೋಡಿಯಲ್ಲಿ, ಬೇಕಾದ ಭಾಷೆಯಲ್ಲಿ ಮಾತಾಡಲಿ. ಹೆಸರಿನ ಚೀಟಿ ಎತ್ತುವುದು ಅದಾದ ಮೇಲೆ. ನೇರ ಚೀಟಿಗೆ ಹೋದರೆ ಅಂಜುವ ಹುಡುಗಿ ಮರುದಿನ ಶಾಲೆಗೇ ಬರಲಿಕ್ಕಿಲ್ಲ.

ಹಿಜಾಬ್ ತೊಟ್ಟವಳನ್ನು ಎಬ್ಬಿಸಿ ‘ನಿಮ್ಮಲ್ಲಿ ಹೆಂಗಸರ ಪಾಡು ಹೇಗೆ?’ ಎನ್ನುವ ಚಾಳಿ ಟೊರೊಂಟೊದಲ್ಲೂ ಇದೆ. ಸ್ತ್ರೀವಾದದ ಹೆಸರಿನಲ್ಲಿ ನಡೆಯುವ ಒರಟುತನ ಅದು. ಪ್ರಶ್ನೆ ಪಾಠದ ಮೇಲಿರಲಿ, ಮಗುವಿನ ಮನೆಯ ಮೇಲೆ ಬೇಡ.

ಕೆಲಸದ ಪಾಳಿ ಹಾಜರಿ ಸಂಖ್ಯೆಯ ಪ್ರಕಾರ ವಾರಕ್ಕೊಮ್ಮೆ ಬದಲಾಗಲಿ. ರಂಗೋಲಿ, ಆರತಿ, ಕಸಬರಿಗೆ ಹುಡುಗಿಯರಿಗೆ, ಮೈಕು ಹುಡುಗರಿಗೆ ಎಂಬುದು ಆಗಸ್ಟ್ 15ರ ತಯಾರಿಯಲ್ಲೇ ಮೊದಲು ಮುರಿಯಬೇಕು. ಶೌಚಾಲಯ ತೊಳೆಯುವುದು ಮಾತ್ರ ಪಾಳಿಯಲ್ಲಿ ಬರಲೇಬಾರದು. ಬಂದರೆ ಅದು ಯಾವ ಕೇರಿಯ ಮಕ್ಕಳ ಪಾಲಾಗುತ್ತದೆಂದು ನಿಮಗೇ ಗೊತ್ತು.

ಪಾಲಕರು ಬಂದು ‘ಮಗನ ಕೈಗೆ ಯಾಕ್ರೀ ಕಸಬರಿಗಿ ಕೊಟ್ರಿ?’ ಅಂದಾಗ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಬೆನ್ನಿಗಿರಬೇಕು. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಶಾಲಾ ಸಮಿತಿಯಲ್ಲಿ ಅರ್ಧ ಮಂದಿ ಹೆಂಗಸರೇ ಇರಬೇಕು. ಸಭೆ ಮುಂಜಾನೆ 11ಕ್ಕೆ ಕರೆದರೆ ಅವರು ಹೊಲದಲ್ಲಿರುತ್ತಾರೆ, ಗಂಡಂದಿರು ಬಂದು ಸಹಿ ಮಾಡಿ ಹೋಗುತ್ತಾರೆ. ಕೂಲಿ ಮುಗಿದ ಮೇಲೆ, ಇಲ್ಲವೇ ಊರಿಗೆ ಸೂಟಿ ಇರುವ ದಿನ ಕರೆಯಿರಿ. ಹಿಂದಿನ ಸಭೆಯ ಠರಾವನ್ನು ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ರಿಜಿಸ್ಟರು ಆ ಹೆಂಗಸರ ಕೈಗೇ ಕೊಡಿ.