ಡಾಬ್ಸನ್ ಪೆಟ್ಟಿಗೆ: ಒರಟು ಎಲ್ಲಿ, ನಯ ಎಲ್ಲಿ



ಪೆಟ್ಟಿಗೆಯಲ್ಲಿ ಕೂರಿಸಿ ಕೈಯಿಂದಲೇ ತಳ್ಳಿ ತಿರುಗಿಸುವ, ಕನ್ನಡಿಯ ಟೆಲಿಸ್ಕೋಪಿನ ಸರಳ ವಿನ್ಯಾಸ ಕೊಟ್ಟವರು ಜಾನ್ ಡಾಬ್ಸನ್. ಹುಟ್ಟಿದ್ದು 1915ರ ಸೆಪ್ಟೆಂಬರ್ 14ರಂದು, ಬೀಜಿಂಗ್‌ನಲ್ಲಿ. 1927ರಲ್ಲಿ ಕುಟುಂಬ ಸ್ಯಾನ್‌ಫ್ರಾನ್ಸಿಸ್ಕೋಗೆ ಬಂತು. ಬರ್ಕ್ಲಿಯಲ್ಲಿ ರಸಾಯನಶಾಸ್ತ್ರ ಓದಿದವರು ಸ್ವಾಮಿ ಅಶೋಕಾನಂದರ ಮಾತಿಗೆ ಮನಸೋತು 1944ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠ ಸೇರಿದರು. ರಾಮಕೃಷ್ಣ ಪರಂಪರೆಯ ಮಠ ಅದು; ಕೈಯಲ್ಲಿ ಕಾಸಿಲ್ಲ. ಹಾಗಾಗಿ 1956ರಲ್ಲಿ ಮಾಡಿದ ಮೊದಲ 12 ಇಂಚಿನ ಕನ್ನಡಿಗೆ ಗಾಜು ಬಂದದ್ದು ಒಡೆದ ಹಡಗುಗಳ ಗುಜರಿಯಿಂದ, ದುಂಡು ಕಿಟಕಿಯ ದಪ್ಪ ಗಾಜು. ಮುಂದೆ ಸ್ಯಾಕ್ರಮೆಂಟೊ ಮಠದಲ್ಲಿದ್ದಾಗ ಟೆಲಿಸ್ಕೋಪುಗಳನ್ನು ಬೀದಿಗೆ ತಳ್ಳಿಕೊಂಡು ಹೋಗಿ ಅಕ್ಕಪಕ್ಕದವರಿಗೆ ಚಂದ್ರನನ್ನು ತೋರಿಸುತ್ತಿದ್ದರು. ಗೆಳೆಯರ ಜೊತೆಗಿನ ಪತ್ರಗಳಲ್ಲಿ ಟೆಲಿಸ್ಕೋಪಿಗೆ 'ಜೆರೇನಿಯಂ' ಎಂಬ ಗುಟ್ಟಿನ ಹೆಸರು: ಕುಂಡದಲ್ಲಿಟ್ಟ ಜೆರೇನಿಯಂ ಎಂದರೆ ಕೊಳವೆ, ಪೆಟ್ಟಿಗೆ ಸಿದ್ಧವಾಗಿದೆ, ಹೂಬಿಟ್ಟಿದೆ ಎಂದರೆ ಕನ್ನಡಿಗೆ ಅಲ್ಯೂಮಿನಿಯಂ ಲೇಪ ಆಗಿದೆ. ಈ ಹುಚ್ಚು ಮಠದ ಶಿಸ್ತಿಗೆ ಒಗ್ಗಲಿಲ್ಲ. 1967ರಲ್ಲಿ ಹೊರಬಿದ್ದರು. ಮರುವರ್ಷ ಸ್ಯಾನ್‌ಫ್ರಾನ್ಸಿಸ್ಕೋದ 'ಸೈಡ್‌ವಾಕ್ ಆಸ್ಟ್ರಾನಮರ್ಸ್' ಎಂಬ, ಬೀದಿಬದಿಯಲ್ಲಿ ಆಕಾಶ ತೋರಿಸುವ ಬಳಗ ಶುರುವಾಯಿತು. 2014ರ ಜನವರಿ 15ರಂದು ತೀರಿಕೊಳ್ಳುವವರೆಗೂ ತಮ್ಮ ಹೆಸರಿನ ವಿನ್ಯಾಸಕ್ಕೆ ಪೇಟೆಂಟ್ ಪಡೆಯಲಿಲ್ಲ.

ಅವರ ಜಾಣತನವನ್ನು ಜನ 'ಅಗ್ಗ' ಎಂದು ಹೇಳಿ ಮುಗಿಸಿಬಿಡುತ್ತಾರೆ. ಅಷ್ಟೇ ಅಲ್ಲ. ಯಾವ ಭಾಗ ಒರಟಾಗಿದ್ದರೂ ನಡೆಯುತ್ತದೆ, ಯಾವುದು ಕೂದಲೆಳೆಯಷ್ಟೂ ತಪ್ಪುವಂತಿಲ್ಲ ಎಂಬ ಲೆಕ್ಕ ಅವರಿಗೆ ಸ್ಪಷ್ಟವಿತ್ತು. ಕೊಳವೆ ಕಾಂಕ್ರೀಟ್ ಕಂಬಕ್ಕೆ ಅಚ್ಚಾಗುವ ರಟ್ಟಿನದು, ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಳೆಯ ಬೈನಾಕ್ಯುಲರಿನದು, ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಅಡ್ಡಕನ್ನಡಿ ಹಿಡಿಯಲು ಮರದ ಗೂಟ ಮತ್ತು ತೆಳು ಹಲಗೆಚೂರು, ತಳ ತಿರುಗಲು ಹಳೆಯ ಗ್ರಾಮಫೋನ್ ತಟ್ಟೆಯೂ ಆದೀತು. ರಾಜಿಯಿಲ್ಲದ ಜಾಗಗಳು ಎರಡೇ: ಕನ್ನಡಿಯ ಮೈ, ಪೆಟ್ಟಿಗೆ ತಿರುಗುವಾಗ ಒಂದಕ್ಕೊಂದು ಉಜ್ಜಾಡುವ ಮೈ.

ಕನ್ನಡಿಯ ಲೆಕ್ಕ ಹೀಗೆ. 200 ಮಿ.ಮೀ. ಅಗಲ, 1200 ಮಿ.ಮೀ. ಸಂಗಮದೂರ (ಕನ್ನಡಿಯಿಂದ ಬೆಳಕು ಒಂದೆಡೆ ಕೂಡುವ ಜಾಗಕ್ಕಿರುವ ದೂರ) ಎಂದುಕೊಳ್ಳಿ. ವಕ್ರತಾ ತ್ರಿಜ್ಯ ಅದರ ಎರಡರಷ್ಟು, 2400 ಮಿ.ಮೀ.; ನಡುವಿನ ಗುಣಿ ಅರ್ಧ ಅಗಲದ ವರ್ಗವನ್ನು ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದಷ್ಟು: 100 × 100 ÷ 4800, ಅಂದರೆ 2.08 ಮಿ.ಮೀ. ಕೆಳಗೊಂದು ಗಾಜು, ಮೇಲೊಂದು ಗಾಜು, ನಡುವೆ ನೀರು ಮತ್ತು 80 ನಂಬರಿನ ಕಾರ್ಬೊರಂಡಮ್ ಎಂಬ ತೇಯುವ ಪುಡಿ. ತಿಕ್ಕುತ್ತ ಹೋದರೆ ಮೇಲಿನದು ಗುಣಿಯಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಆಮೇಲೆ ಇನ್ನೂ ನಯವಾದ 120, 220, 400, 600. ಹಿಂದಿನ ಪುಡಿಯ ಗುಳಿಗಳು ಭೂತಗನ್ನಡಿಯಲ್ಲಿ ಒಂದೂ ಕಾಣದಾದಾಗ ಮಾತ್ರ ಮುಂದಿನ ನಂಬರು. ಇಲ್ಲಿ ಅವಸರಪಟ್ಟರೆ ಪಾಲಿಶ್‌ನಲ್ಲಿ ಎಷ್ಟು ಹೊತ್ತು ತಿಕ್ಕಿದರೂ ಮಂಜು ಹೋಗುವುದಿಲ್ಲ. ಗಾಜಿನ ಅಂಚಿಗೆ ಕೊಟ್ಟ ಓರೆ ಸವೆದುಹೋದರೆ ಚಕ್ಕೆ ಎದ್ದು ಮೈತುಂಬ ಗೀರು ಬೀಳುತ್ತದೆ. ಎಣ್ಣೆಕಲ್ಲಿನಿಂದ ಆಗಾಗ ಓರೆ ಮಾಡಿಕೊಳ್ಳಬೇಕು. ಪುಡಿ ಬದಲಿಸುವಾಗ ಬಕೆಟ್ಟು, ಮೇಜು, ಉಗುರುಸಂದು ಎಲ್ಲ ತೊಳೆಯಬೇಕು.

ಪಾಲಿಶ್‌ಗೆ ರಾಳದ ಹಾಸು ಮತ್ತು ಸೀರಿಯಂ ಆಕ್ಸೈಡ್ ಎಂಬ ನಯವಾದ ಪುಡಿ. ಕೊನೆಗೆ ಗೋಳದ ಮೈಯನ್ನು ಪರವಲಯ (ಬೆಳಕನ್ನೆಲ್ಲ ಒಂದೇ ಚುಕ್ಕಿಗೆ ಕೂಡಿಸುವ ಪ್ಯಾರಾಬೊಲಾ ಆಕಾರ) ಮಾಡಬೇಕು. ಈ ಅಳತೆಯ ಕನ್ನಡಿಯಲ್ಲಿ ನಡುವೆ ಎರಡನ್ನೂ ಒಂದುಗೂಡಿಸಿ ನೋಡಿದರೆ, ಅಂಚಿನಲ್ಲಿ ಎರಡಕ್ಕೂ ಇರುವ ಅಂತರ ಸುಮಾರು 0.9 ಮೈಕ್ರಾನ್. ಅಷ್ಟೇ! ಆದರೆ ಮೈಯ ದೋಷ ಬೆಳಕಿನ ಅಲೆಯ ಎಂಟನೇ ಒಂದು ಭಾಗ, ಸುಮಾರು 0.07 ಮೈಕ್ರಾನ್ ಒಳಗಿರಬೇಕು ಎಂದಾಗ ಆ 0.9 ದೊಡ್ಡದೇ. ಡಾಬ್ಸನ್‌ಗೆ ನಕ್ಷತ್ರ ಪರೀಕ್ಷೆಯ ಮೇಲೆ ನಂಬಿಕೆ: ಚುಕ್ಕಿಯನ್ನು ಫೋಕಸ್ಸಿನ ಒಳಗೂ ಹೊರಗೂ ಸರಿಸಿ ಉಂಗುರಗಳನ್ನು ಹೋಲಿಸುವುದು. ಎರಡೂ ಕಡೆ ಒಂದೇ ಥರ ಇದ್ದರೆ ಸರಿ. ಒಂದು ಕಡೆ ಮಾತ್ರ ಹೊರ ಉಂಗುರ ಕದಡಿದ್ದರೆ ಕನ್ನಡಿಯ ಅಂಚು ಹೆಚ್ಚು ಸವೆದು ಜಾರಿದೆ. ಬಹುತೇಕ ರಾಳ ಮೆದುವಾಗಿತ್ತು ಅಥವಾ ತಿಕ್ಕುವ ಓಟ ಉದ್ದವಾಯಿತು. ನಮ್ಮ ಬೇಸಿಗೆಯಲ್ಲಿ ರಾಳ ಮೆದುವಾಗದೆ ಇರುವುದೇ ಕಷ್ಟ. ಬೆಳಗಿನ ಜಾವ ಕೂರುವುದು ಮೇಲು. ಚುಕ್ಕಿ ಮೊಟ್ಟೆಯಾಕಾರ ಕಂಡು, ಫೋಕಸ್ ದಾಟಿದಾಗ ಆ ಮೊಟ್ಟೆ 90 ಡಿಗ್ರಿ ತಿರುಗಿದರೆ ಮೊದಲು ಗಾಜನ್ನು ಬೈಯಬೇಡಿ. ಕನ್ನಡಿ ಹಿಡಿದ ಕ್ಲಿಪ್ಪು ಬಿಗಿಯಾಗಿದೆಯೇ ನೋಡಿ. ಕ್ಲಿಪ್ಪಿಗೂ ಕನ್ನಡಿಗೂ ನಡುವೆ ಕಾಗದ ತೂರುವಷ್ಟು ಸಡಿಲ ಇರಬೇಕು.

ಪೆಟ್ಟಿಗೆಗೆ ಬರೋಣ: ಕಾಲುಗಳಿರುವ ತಳದ ಹಲಗೆಯ ಮೇಲೆ ಅದು ಎಡಬಲ ತಿರುಗುತ್ತದೆ, ಅದರೊಳಗೆ ಕೊಳವೆ ಮೇಲೆ ಕೆಳಗೆ ಆಡುತ್ತದೆ. ಇಲ್ಲಿ ನಕಲು ಮಾಡುವವರೆಲ್ಲ ಆಕಾರವನ್ನು ಎತ್ತಿಕೊಂಡು ಘರ್ಷಣೆಯನ್ನು ಬಿಟ್ಟುಬಿಡುತ್ತಾರೆ. 'ಇನ್ನೂ ನಯವಾಗಿ ತಿರುಗಲಿ' ಅಂತ ತಳಕ್ಕೆ ಬಾಲ್ ಬೇರಿಂಗ್ ಹಾಕಿದರೆ ಗಾಳಿ ಬೀಸಿದ ಕಡೆಗೆ ಟೆಲಿಸ್ಕೋಪ್ ತಿರುಗುತ್ತದೆ. ಉಜ್ಜಾಡುವ ಜಾಗಕ್ಕೆ ಟೆಫ್ಲಾನ್ ಎಂಬ ಜಾರು ಪ್ಲಾಸ್ಟಿಕ್ ಬೇಕಾಗಿರುವುದು ಘರ್ಷಣೆ ಕಡಿಮೆ ಎಂದಷ್ಟೇ ಅಲ್ಲ. ಅದರಲ್ಲಿ ಕದಲುವ ಮುಂಚಿನ ಹಿಡಿತಕ್ಕೂ ಕದಲಿದ ಮೇಲಿನ ಹಿಡಿತಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ತಳ್ಳಿದಾಗ ಜರ್ಕ್ ಹೊಡೆಯದೆ ಹೊರಡುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ.

ಟೆಫ್ಲಾನ್ ಮೇಲಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಇದ್ದರೆ ಚೆನ್ನ. ತಳದ ಮೇಲೆ ಬೀಳುವ ತೂಕ 20 ಕಿಲೋ ಆದರೆ ಮೂರು ತುಂಡು, ಒಂದೊಂದೂ ಒಂದಿಂಚು ಚೌಕ. ಇದಕ್ಕೆ 3 ಮಿ.ಮೀ. ದಪ್ಪದ ಟೆಫ್ಲಾನ್ ಹಾಳೆ ಕೇಳಿ. ನಲ್ಲಿಗೆ ಸುತ್ತುವ ಟೇಪಲ್ಲ. ಟೆಫ್ಲಾನಿಗೆ ಗೋಂದು ಹಿಡಿಯುವುದಿಲ್ಲ. ಚಿಕ್ಕ ಸ್ಕ್ರೂ ಹಾಕಿ, ತಲೆ ಮೈಯಿಂದ ಒಂದು ಮಿ.ಮೀ. ಒಳಗಿರುವಂತೆ ಕೂರಿಸಬೇಕು. ಎದುರು ಮೈಗೆ ಸನ್‌ಮೈಕಾ. ಕನ್ನಡಿಯಂತೆ ಹೊಳೆಯುವುದನ್ನು ಅಂಗಡಿಯವರು ಮುಂದೆ ಮಾಡುತ್ತಾರೆ, ಬೇಡ. ಸಣ್ಣ ಉಬ್ಬುತಗ್ಗು ಇರುವುದು ಕಡಿಮೆ ಅಂಟುತ್ತದೆ. ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆ ಕತ್ತರಿಸಿ ಹಾಕಿದರೂ ತಿರುಗುತ್ತದೆ, ಆದರೆ ಹೆಚ್ಚು ವರ್ಧನೆಯಲ್ಲಿ ಗ್ರಹ ಹಾರಿ ಹಾರಿ ಹೋಗುತ್ತದೆ.

ಮೂರು ಟೆಫ್ಲಾನ್ ತುಂಡುಗಳೂ ಮೂರು ಕಾಲುಗಳ ನೇರ ಮೇಲೇ ಬರಬೇಕು. ಒಳಗೆ ಸರಿಸಿದರೆ ತಳದ ಹಲಗೆ ಬಾಗಿ ಇಡೀ ಟೆಲಿಸ್ಕೋಪ್ ನಡುಗುತ್ತದೆ. ಹಲಗೆ 18 ಮಿ.ಮೀ. ಪ್ಲೈವುಡ್, ಮಲೆನಾಡು, ಕರಾವಳಿಯವರು ಮರೈನ್ ಪ್ಲೈ ತೊಗೊಳ್ಳಿ, ಕತ್ತರಿಸಿದ ಅಂಚಿಗೂ ಬಣ್ಣ ಬಳಿಯಿರಿ. ಇಲ್ಲದಿದ್ದರೆ ಎರಡನೇ ಮಳೆಗಾಲಕ್ಕೆ ಅಂಚು ಉಬ್ಬಿ ಪೆಟ್ಟಿಗೆ ಉಜ್ಜುತ್ತದೆ. ಕೊಳವೆ ಮೇಲೆ ಕೆಳಗೆ ಆಡಲು ಅದರ ಎರಡೂ ಪಕ್ಕ ಕೂರಿಸುವ ಬಿಲ್ಲೆಗಳು 200 ಮಿ.ಮೀ. ಕನ್ನಡಿಗೆ ಆರಿಂಚಾದರೂ ಇರಲಿ. ಚಿಕ್ಕದಾದರೆ ಹಿಡಿತ ಸಾಲದೆ, ಭಾರದ ಐಪೀಸ್ ಹಾಕಿದೊಡನೆ ಮೂತಿ ನೆಲ ನೋಡುತ್ತದೆ. ಬಿಲ್ಲೆ ಎಲ್ಲಿ ಕೂರಬೇಕೆಂದು ಮೊದಲೇ ತೂತು ಕೊರೆಯಬೇಡಿ. ಕನ್ನಡಿ, ಫೈಂಡರ್ (ಗುರಿ ಹಿಡಿಯುವ ಚಿಕ್ಕ ದುರ್ಬೀನು), ಐಪೀಸ್ ಎಲ್ಲ ಕೂರಿಸಿ, ಕೊಳವೆಯನ್ನು ದುಂಡುಕೋಲಿನ ಮೇಲಿಟ್ಟು ಸಮತೂಕದ ಜಾಗ ಗುರುತಿಸಿ, ಆಮೇಲೆ ಕೊರೆಯಿರಿ.

ಈ ವಿನ್ಯಾಸಕ್ಕೆ ಒಂದು ಹುಟ್ಟುದೋಷವಿದೆ: ನೆತ್ತಿಯ ಹತ್ತಿರ ಎಡಬಲ ತಿರುಗಿಸುವುದು ಕಷ್ಟ. ಕೊಳವೆ ನಿಂತಷ್ಟೂ ತಳ್ಳುವ ಸನ್ನೆ (ತಳ್ಳುವ ಜಾಗಕ್ಕೂ ತಿರುಗುವ ಅಚ್ಚಿಗೂ ಇರುವ ಅಡ್ಡ ದೂರ) ಗಿಡ್ಡವಾಗುತ್ತದೆ. 2025ರ ಸೆಪ್ಟೆಂಬರ್ ನಡುವಿನ ಶನಿಯನ್ನೇ ನೋಡಿ: ಆಗ ಅದು ಮೀನ ರಾಶಿಯಲ್ಲಿತ್ತು. 21ಕ್ಕೆ ಸೂರ್ಯನ ಎದುರು ಬಂತು. ಬೆಂಗಳೂರಿನಲ್ಲಿ ನಡುರಾತ್ರಿ ದಾಟಿದ ಮೇಲೆ ಅದು 74 ಡಿಗ್ರಿ ಎತ್ತರಕ್ಕೇರುತ್ತಿತ್ತು. ಅಲ್ಲಿ ಸನ್ನೆ ಕೊಳವೆಯ ಉದ್ದದ ಕಾಲು ಭಾಗಕ್ಕಿಂತ ತುಸು ಹೆಚ್ಚು ಮಾತ್ರ. ರಾತ್ರಿ ಹತ್ತಕ್ಕೇ ನೋಡಿದರೆ ಎತ್ತರ ಸುಮಾರು 47 ಡಿಗ್ರಿ, ತಳ್ಳುವ ಬಲ ಅರ್ಧಕ್ಕಿಂತ ಕಡಿಮೆ ಸಾಕಿತ್ತು. ಬಳೆ ಆ ವರ್ಷ ಗೆರೆಯಷ್ಟು ತೆಳ್ಳಗಿತ್ತು, 120 ಪಟ್ಟು ವರ್ಧನೆಯಾದರೂ ಬೇಕಿತ್ತು: 10 ಮಿ.ಮೀ. ಐಪೀಸ್ (1200 ÷ 10). 50 ಡಿಗ್ರಿ ನೋಟದ ಹರವಿನ ಐಪೀಸಾದರೆ ಶನಿ ಒಂದು ಅಂಚಿನಿಂದ ಇನ್ನೊಂದಕ್ಕೆ ಸುಮಾರು 100 ಸೆಕೆಂಡಿನಲ್ಲಿ ಜಾರುತ್ತದೆ. ಪೆಟ್ಟಿಗೆಯ ಪರೀಕ್ಷೆಗೂ ಶನಿಯೇ ಸಾಕು: ಕೊಳವೆಯ ಬಾಯಿಯನ್ನು ಒಂದೇ ಬೆರಳಲ್ಲಿ ತಳ್ಳಿ ಶನಿಯನ್ನು ನಡುವಿಗೆ ತಂದು ಕೈ ಬಿಡಿ. ಅದು ಹಿಂದಕ್ಕೆ ಜಿಗಿದರೆ ಹಲಗೆ ಬಾಗುತ್ತಿದೆ ಅಥವಾ ಟೆಫ್ಲಾನ್ ಮೇಲೆ ದೂಳು ಕೂತಿದೆ. ಮೊದಲು ಒರೆಸಿ, ಸನ್‌ಮೈಕಾಕ್ಕೆ ಕಾರಿನ ಮೇಣದ ಪಾಲಿಶ್ ತೆಳ್ಳಗೆ ಹಚ್ಚಿ. ಆಗಲೂ ಜಿಗಿದರೆ ಕಾಲುಗಳನ್ನು ಬಿಚ್ಚಿ ಟೆಫ್ಲಾನ್ ತುಂಡುಗಳ ನೇರಕ್ಕೆ ಮತ್ತೆ ಕೂರಿಸಿ.